ನಡುಹಗಲ ಗೌಜಲು

ಫೋಟೋದಲ್ಲಿ ಮೊದಲು ಕಂಡದ್ದು ಒಂದು ಬೂಟು.

ಭಾನುವಾರ ಮಧ್ಯಾಹ್ನ. ಮುಂಬಯಿ ಪಕ್ಕದ ಠಾಣೆ ನಗರದ ವಾಗ್ಳೆ ಎಸ್ಟೇಟಿನ ಪತ್ರಿಕಾ ಕಚೇರಿಯಲ್ಲಿ ಅರ್ಧ ಕುರ್ಚಿಗಳು ಖಾಲಿ. ಫೋಟೋ ವಿಭಾಗದ ಮುಖ್ಯಸ್ಥೆ ಜಯಲತಾ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಟಿಟ್ವಾಳಾದ ಬಾತ್ಮೀದಾರನಿಂದ ಫೋನಿಗೆ ಚಿತ್ರ ಬಂತು. ಕೆಳಗೆ ಒಂದೇ ಸಾಲು: ‘ಹಕ್ಕಿ ಫೋಟೋ ತೆಗೆಯುವವರ ಮೇಲೆ ಹಲ್ಲೆ. ಕಾವಲುಗಾರ ವಶಕ್ಕೆ.’

ಅವಳು ಚಿತ್ರವನ್ನು ಹಿಗ್ಗಿಸಿದಳು. ಕಲ್ಲುಬಯಲು. ಹಸಿರು ಬಲೆಯಿಂದ ಮಾಡಿದ ಪುಟ್ಟ ಮರೆಗೂಡು. ಅದರಿಂದ ಹೊರಗೆ ಚಾಚಿದ ಒಂದು ಕಾಲು. ಒಳಗೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ತೋಳುದ್ದದ ಲೆನ್ಸು. ಲೆನ್ಸಿನ ನೆತ್ತಿಯಲ್ಲಿ ಒಣಗಿದ ಗಂಧ, ನಡುವೆ ಕುಂಕುಮದ ಚುಕ್ಕೆ.

ಜಯಲತಾಳ ಕೈ ಅಲ್ಲೇ ನಿಂತಿತು. ಆ ಗಂಧ ಹಚ್ಚುವಾಗ ಅವಳು ಎದುರಿಗೇ ಇದ್ದಳು. ಕಳೆದ ವಾರ, ಡೊಂಬಿವಲಿಯಲ್ಲಿ ಭಾವನ ಹೋಟೆಲಿನಲ್ಲಿ ಆಯುಧಪೂಜೆ. ಅಕ್ಕನ ಗಂಡ ಕಮಲಾಕ್ಷ ಗ್ರೈಂಡರಿಗೆ, ಕಾಫಿ ಯಂತ್ರಕ್ಕೆ ಹಚ್ಚಿ ಮುಗಿಸಿ ಕ್ಯಾಮೆರಾದ ಚೀಲ ಬಿಚ್ಚಿದ್ದರು. ಲೆನ್ಸಿಗೆ ಹಚ್ಚಿದರು, ಕ್ಯಾಮೆರಾಕ್ಕೆ ಹಚ್ಚಿದರು, ಅಂಚೆಚೀಟಿಯಷ್ಟಿರುವ ಮೆಮೊರಿ ಕಾರ್ಡುಗಳನ್ನೂ ಬಿಡಲಿಲ್ಲ. “ಇವೂ ದುಡಿಯುವ ಸಾಮಾನೇ ಅಲ್ವಾ ಮಾರಾಯ್ತಿ,” ಅಂದಿದ್ದರು.

ಫೋನ್ ರಿಂಗಾಯಿತು. ಅಕ್ಕ. “ಜಯಾ, ಕಲ್ಯಾಣದ ಆಸ್ಪತ್ರೆಗೆ ಬಾ. ಇವರಿಗೆ ತಲೆಗೆ ಪೆಟ್ಟು. ಎಚ್ಚರ ಇಲ್ಲ.”

ಅವಳು ಡಬ್ಬಿ ಮುಚ್ಚಿ ಎದ್ದಳು. ಎದುರು ಮೇಜಿನ ಸುದ್ದಿ ಸಂಪಾದಕ ಲಕ್ಷ್ಮೀಕಾಂತ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ, “ಟಿಟ್ವಾಳಾ ಸುದ್ದಿ ನೋಡಿದ್ರಾ? ಆ ಕಾವಲುಗಾರನ ಮುಖ ಸಿಕ್ಕರೆ ಮೊದಲ ಪುಟಕ್ಕೆ ತಗೊಳ್ಳೋಣ.”

“ಪೆಟ್ಟು ತಿಂದವರು ನಮ್ಮ ಭಾವ,” ಅಂದಳು ಜಯಲತಾ. “ನಾನು ಹೇಳುವ ತನಕ ಯಾರ ಮುಖವೂ ಬೇಡ.”

* * *

ಆಸ್ಪತ್ರೆಯಲ್ಲಿ ಡಾಕ್ಟರು ಕಾಯಬೇಕು ಅಂದರು. ಕಾಯುವುದು ಜಯಲತಾಳಿಗೆ ಬರುತ್ತಿರಲಿಲ್ಲ. ಅಕ್ಕನ ಕೈ ಒತ್ತಿ, ರಿಕ್ಷಾ ಹಿಡಿದು ಅವಳು ಟಿಟ್ವಾಳಾ ದಾಟಿ ಆ ಕಲ್ಲುಬಯಲಿಗೆ ಬಂದಳು.

ಪಿಎಸ್‌ಐ ಮಾನಸಿ ಅಲ್ಲೇ ಇದ್ದಳು. ಅಪ್ಪ ಅಮ್ಮ ಕಲಬುರಗಿಯವರು, ಹುಟ್ಟಿ ಬೆಳೆದದ್ದು ಠಾಣೆ ನಗರದಲ್ಲಿ. ಅವಳ ಕನ್ನಡ ಅರ್ಧ ದಾರಿಯಲ್ಲಿ ಮರಾಠಿಗೆ ಇಳಿದುಬಿಡುತ್ತಿತ್ತು. ಹಿಂದೊಮ್ಮೆ ಪತ್ರಿಕೆಯ ಮೆರವಣಿಗೆ ಫೋಟೋ ಒಂದರಲ್ಲಿ ಸರಗಳ್ಳನ ಕೈಯನ್ನು ತೋರಿಸಿಕೊಟ್ಟವಳು ಜಯಲತಾ. ಅಂದಿನಿಂದ ಇಬ್ಬರಿಗೂ ಸಲಿಗೆ.

“ಅಕ್ಕಾ, ಸಿಂಪಲ್ ಕೇಸ್ ಆಹೆ,” ಅಂದಳು ಮಾನಸಿ. “ಪಕ್ಕದ ಪ್ಲಾಟಿನ ವಾಚ್‌ಮನ್, ಸಂಗಮೇಶ. ತಿತ್ತರ್, ಅದೇ ಗೌಜಲು, ಹಿಡಿಯಕ್ಕೆ ಕುಣಿಕೆ ಹಾಕಿದ್ದಾನೆ. ನಿಮ್ಮ ಭಾವ ನೋಡಿದ್ರು. ಹೊಡೆದ. ಅವನ ಅಂಗಿ ಮೇಲೆ ರಕ್ತ, ಕಿಸೆಯಲ್ಲಿ ನೈಲಾನ್ ಕುಣಿಕೆ. ಆಣಖೀ ಕಾಯ್ ಪಾಹಿಜೆ, ಇನ್ನೇನು ಬೇಕು?”

ಮರೆಗೂಡಿನ ಎದುರಿಗೆ, ಹುಲ್ಲಿನ ನಡುವೆ, ಮಂಚದಂತೆ ಚಪ್ಪಟೆಯಾದ ಬಂಡೆ. ಅದರ ಅಂಚಿನಲ್ಲಿ ಇನ್ನೂ ನಾಲ್ಕಾರು ಕುಣಿಕೆಗಳು ಉಳಿದಿದ್ದವು, ಕೂದಲೆಳೆಯಷ್ಟು ತೆಳ್ಳಗೆ. ಗೌಜಲು ಹಕ್ಕಿಯ ಗಂಡು ಇಂಥ ಎತ್ತರದ ಕಲ್ಲಿಗೇ ಹತ್ತಿ ಕೂಗುತ್ತದೆ. ಮೈತುಂಬ ಬಿಳಿ ಚುಕ್ಕೆಯ ಬಣ್ಣದ ಗೌಜಲು ಈ ಬಯಲಿನಲ್ಲಿದೆ ಎಂದು ಭಾವ ಹೇಳಿದ್ದು ನೆನಪಾಯಿತು. ಎಲ್ಲಿ ಎಂದು ಕೇಳಿದಾಗ ಬಾಯಿ ಹೊಲಿದುಕೊಂಡಿದ್ದರು. ಹಕ್ಕಿ ಫೋಟೋದವರಲ್ಲಿ ಅದೊಂದು ಕಟ್ಟುಪಾಡು. ಹಕ್ಕಿ ತೋರಿಸುತ್ತಾರೆ, ಜಾಗ ಹೇಳುವುದಿಲ್ಲ. ಹೇಳಿದರೆ ಮರುದಿನ ಬೇಟೆಯವರು ಬರುತ್ತಾರೆ.

ಜಯಲತಾ ಬಗ್ಗಿ ಕ್ಯಾಮೆರಾ ನೋಡಿದಳು. ಮುಟ್ಟಲಿಲ್ಲ.

“ಮಾನಸಿ, ಈ ಲೆನ್ಸಿನ ಬೆಲೆಗೆ ಒಂದು ಕಾರು ಬರ್ತದೆ. ಅದು ಇಲ್ಲೇ ಉಂಟು. ಕಾರ್ಡಿನ ಮುಚ್ಚಳ ಮಾತ್ರ ತೆರೆದಿದೆ, ಒಳಗೆ ಕಾರ್ಡಿಲ್ಲ. ಸಂಗಮೇಶನ ಹತ್ತಿರ ಸಿಕ್ಕಿತಾ?”

“ನಾಹೀ. ಎಸೆದಿರ್ತಾನೆ.”

“ಇನ್ನೊಂದು. ಬಿಸಿಲೇರಿದ ಮೇಲೆ ಹಕ್ಕಿ ಫೋಟೋದವರು ಉಳಿಯುವುದಿಲ್ಲ. ಬೆಳಕು ಕೆಟ್ಟಿತು ಅಂತ ಚೀಲ ಕಟ್ಟಿ ನಾಷ್ಟಾಕ್ಕೆ ಓಡ್ತಾರೆ. ಭಾವ ಹನ್ನೆರಡಕ್ಕೆ ಅಕ್ಕನಿಗೆ ಫೋನ್ ಮಾಡಿ ಊಟಕ್ಕೆ ಬರ್ತೇನೆ ಅಂದಿದ್ದಾರೆ, ಇಲ್ಲಿಂದಲೇ. ಒಂದು ಗಂಟೆಗೆ ಬಿದ್ದಿದ್ದಾರೆ. ಅಷ್ಟು ಹೊತ್ತು ಯಾಕೆ ಕೂತರು?”

ಮಾನಸಿ ಟೋಪಿ ಸರಿಮಾಡಿಕೊಂಡಳು. “ಯಾಕೆ?”

“ಹಕ್ಕಿಗಾಗಿ ಅಲ್ಲ. ಕುಣಿಕೆ ನೋಡಿದ್ದಾರೆ. ಅದನ್ನು ಬಿಚ್ಚಲು ಬರುವವನಿಗಾಗಿ ಕೂತಿದ್ದಾರೆ. ಬಂದವನ ಫೋಟೋ ತೆಗೆದಿದ್ದಾರೆ. ಅದಕ್ಕೇ ಕಾರ್ಡು ಹೋಯಿತು.”

ಒಂದು ಮುಖ ಆ ಕಾರ್ಡಿನಲ್ಲಿದೆ, ಆ ಕಾರ್ಡು ಎಲ್ಲೋ ಇದೆ.

* * *

ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಸಂಗಮೇಶ ಕುಕ್ಕರಗಾಲಿನಲ್ಲಿ ಕೂತಿದ್ದ. ವಿಜಯಪುರದ ಕಡೆಯವನು. ಕನ್ನಡ ಕೇಳಿದ್ದೇ ತಲೆ ಎತ್ತಿದ.

“ಹಕ್ಕಿ ಕಾಲು ಸಿಗಬಿದ್ದು ಬಡಕೊಳ್ಳಾಕತ್ತಿತ್ತರೀ ಅಕ್ಕಾರ. ಬಿಡಿಸಿ ಹಾರಿಸಿದ್ನಿ. ಮತ್ತೊಂದು ಸಿಗಬಾರ್ದು ಅಂತ ಆ ಹುರಿ ಕಿಸೆದಾಗ ಇಟಗೊಂಡ್ನಿ. ಆಮ್ಯಾಲ ಬೂಟು ಕಾಣಿಸ್ತು. ಸಾಹೇಬ್ರನ್ನ ಎಬ್ಬಸಾಕ ಹೋದ್ನಿ, ಅಂಗಿಗೆ ರಕ್ತ ಹತ್ತಿತು. ಇಷ್ಟ ರೀ ನಾ ಮಾಡಿದ್ದು.”

“ಬೇರೆ ಯಾರಾದರೂ ಇದ್ರಾ?”

“ಕಂಡಿಲ್ಲರೀ. ರೋಡಿನ ಕಡೆ ಒಂದು ಕಾರು ಚಾಲೂ ಆತು. ಧೂಳಾಗ ಬಣ್ಣ ತಿಳೀಲಿಲ್ಲ. ಖರೇ ಹೇಳ್ಬೇಕಂದ್ರ, ಆ ಕಾರಿನೊಳಗಿಂದ ಅದ ಹಕ್ಕಿ ಕೂಗಿದಂಗಾತು.”

ಬಾಗಿಲಲ್ಲಿದ್ದ ಹವಾಲ್ದಾರ ಎದೆಯ ಮೇಲೆ ಪಟ್ಟಿ ಎಳೆದುಕೊಂಡಂತೆ ಮಾಡಿ ನಕ್ಕ. “ಕಾರ್ ಮೇ ತೀತರ್? ಸೀಟ್‌ಬೆಲ್ಟ್ ಲಗಾಯಾ ಥಾ ಕ್ಯಾ?”

“ನಗರೀ ಬೇಕಾರ,” ಅಂದ ಸಂಗಮೇಶ. “ಕೇಳಿದ್ದನ್ನ ಹೇಳೀನಿ.”

ಹೊರಗೆ ಮೆಟ್ಟಿಲ ಬಳಿ ಅವನ ಹೆಂಡತಿ ದಾನೇಶ್ವರಿ ನಿಂತಿದ್ದಳು. ಅತ್ತು ಮುಗಿಸಿದ ಕಣ್ಣು. ಜಯಲತಾ ಪತ್ರಿಕೆಯವಳೆಂದು ಯಾರೋ ಹೇಳಿದ್ದರು.

“ಅಕ್ಕಾರ, ಪೇಪರ್‌ನ್ಯಾಗ ಇವರ ಮಾರಿ ಹಾಕಬ್ಯಾಡ್ರೀ. ಜೈಲಿಗಿ ಹೋದಾಂವ ತಿರುಗಿ ಬರತಾನ. ಪೇಪರ್‌ನ್ಯಾಗ ಬಂದದ್ದು ಹೋಗಂಗಿಲ್ಲ. ಯಾವ ಶೇಠ ಇವರನ್ನ ಗೇಟಿನ ಮುಂದ ನಿಂದರಸ್ತಾನ ಆಮ್ಯಾಲ?”

ಜಯಲತಾ ಅಲ್ಲಿಂದಲೇ ಲಕ್ಷ್ಮೀಕಾಂತನಿಗೆ ಫೋನ್ ಮಾಡಿದಳು.

“ಮಂಗಳವಾರ ಸಂಜೆ ಪೊಲೀಸರು ಪತ್ರಿಕಾಗೋಷ್ಠಿ ಕರೀತಾರಂತೆ,” ಅಂದ ಅವನು. “ಆಗ ಎಲ್ಲರಿಗೂ ಅವನ ಫೋಟೋ ಸಿಗತ್ತೆ. ಅಲ್ಲೀವರೆಗೆ ತಡೀತೀನಿ. ಆಮೇಲೆ ನಾವು ಒಬ್ಬರೇ ಬಿಡೋಕಾಗಲ್ಲ ಜಯಾ ಅವರೇ.”

ಮಂಗಳವಾರ ಸಂಜೆ. ಅಷ್ಟರೊಳಗೆ ಇನ್ನೊಂದು ಮುಖ ಬೇಕು.

* * *

ಸಂಗಮೇಶನನ್ನು ಬಿಟ್ಟರೆ ಆ ಬಂಡೆ ಯಾರಿಗೆ ಗೊತ್ತು? ಅಕ್ಕನನ್ನು ಕೇಳಿದರೆ ಉತ್ತರ ಸುಲಭವಾಗಿತ್ತು. ಭಾವ ಅಲ್ಲಿಗೆ ಇಬ್ಬರನ್ನು ಮಾತ್ರ ಕರೆದೊಯ್ದಿದ್ದರು. ಒಬ್ಬ, ಅವರ ತಂಗಿಯ ಮಗ ಸುಜನ್, ಹೋಟೆಲಿನ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂರುವವನು. ಇನ್ನೊಬ್ಬ, ಹಕ್ಕಿ ಫೋಟೋದ ಗೆಳೆಯ ಅಭಿಜಿತ್.

ಸೋಮವಾರ ಬೆಳಿಗ್ಗೆ ಜಯಲತಾ ಡೊಂಬಿವಲಿಯ ಹೋಟೆಲಿಗೆ ಹೋದಳು.

“ನಿನ್ನೆ ಇಡೀ ದಿನ ಇಲ್ಲೇ ಇದ್ದೆ ಆಂಟಿ,” ಅಂದ ಸುಜನ್. ಕಣ್ಣು ಗಲ್ಲೆಯ ಮೇಲೆ.

ನೀರು ತಂದಿಟ್ಟ ಮಾಣಿ ಸುಮ್ಮನಿರಲಾರದೆ ಹೇಳಿದ, “ನಿನ್ನೆ ಗಲ್ಲೆಯಲ್ಲಿ ನಾನು ಕೂತದ್ದಲ್ವಾ ಅಣ್ಣಾ?”

ಸುಜನ್ ಅವನನ್ನು ಸುಡುವಂತೆ ನೋಡಿದ. “ಓಕೆ. ಐರೋಲಿ ಗಯಾ ಥಾ. ಖಾಡಿಯ ಹಿನ್ನೀರಿನಲ್ಲಿ ಫ್ಲೆಮಿಂಗೋ ಫೋಟೋ ತೆಗೀಲಿಕ್ಕೆ.”

“ಅಕ್ಟೋಬರಿನಲ್ಲಿ ಐರೋಲಿಗೆ ಫ್ಲೆಮಿಂಗೋ ಬಂದಿದೆಯಾ? ಚಳಿ ಶುರುವಾಗದೆ ಅವು ಬರುವುದಿಲ್ಲ ಅಂತ ಹೋದ ವರ್ಷ ನೀನೇ ನನಗೆ ಪಾಠ ಮಾಡಿದ್ದಿ. ನಿನ್ನ ಮಾವ ಆಸ್ಪತ್ರೆಯಲ್ಲಿದ್ದಾರೆ ಸುಜನ್. ನೀನು ಎಲ್ಲಿದ್ದಿ?”

ಅವನ ಮುಖ ಇಳಿಯಿತು. ದನಿಯೂ ಇಳಿಯಿತು. “ಐರೋಲಿ ಹೌದು. ಫ್ಲೆಮಿಂಗೋ ಇಲ್ಲ. ಅನುಷ್ಕಾ ಅಂತ. ಅವಳ ಪಪ್ಪನಿಗೆ ಗೊತ್ತಿಲ್ಲ. ಪ್ಲೀಸ್ ಆಂಟಿ, ಮಾಮಾಗೆ ಹೇಳ್ಬೇಡಿ.” ಫೋನ್ ತೆಗೆದು ತೋರಿಸಿದ. ಖಾಡಿಯ ದಂಡೆ, ಐಸ್‌ಕ್ರೀಮ್, ನಗುವ ಹುಡುಗಿ, ಮಾಲಿನ ಸಿನೆಮಾ ಟಿಕೆಟು. ಇಡೀ ಮಧ್ಯಾಹ್ನ ಅಲ್ಲೇ ಕಳೆದಿತ್ತು.

“ಮಾವ ಏಳಲಿ ಮೊದಲು. ಎದ್ದ ಮೇಲೆ ನೀನೇ ಹೇಳು,” ಅಂದಳು ಜಯಲತಾ. “ಅಭಿಜಿತ್ ಹೇಗೆ?”

“ಅಭಿಜಿತ್ ಅಂಕಲ್? ಸೂಪರ್ ಲಕ್ ಅವರದ್ದು. ನಾನೂ ಮಾಮಾನೂ ವಾರಗಟ್ಟಲೆ ಕೂತರೂ ಆ ಹಕ್ಕಿ ಒಂದು ಕ್ಷಣ ಬಂದು ಓಡಿಹೋಗ್ತದೆ. ಅವರು ಕೂತರೆ ಬಂದು ಕಲ್ಲಿನ ಮೇಲೆ ನಿಂತೇ ಇರ್ತದೆ. ಹೋಗೋದೇ ಇಲ್ಲ. ಪೋಸ್ ದೇತಾ ಹೈ.”

* * *

ಅಭಿಜಿತ್‌ನ ಸ್ಟುಡಿಯೋ ಪತ್ರಿಕಾ ಕಚೇರಿಯಿಂದ ಎರಡೇ ಗಲ್ಲಿ ದೂರ. ಜಯಲತಾ ಮಾನಸಿಯನ್ನೂ ಕರೆದುಕೊಂಡು ಹೋದಳು. ಹಗಲಲ್ಲಿ ಕಂಪನಿಗಳಿಗಾಗಿ ಕ್ಯಾಟಲಾಗ್ ಫೋಟೋ, ರಜಾದಿನ ಹಕ್ಕಿ. ಗೋಡೆಗೆ ಒರಗಿಸಿದ್ದ ಆಳೆತ್ತರದ ಚೌಕಟ್ಟುಗಳಲ್ಲೆಲ್ಲ ಗೌಜಲು, ಬುರ್ಲಿ, ಕಾಡುಕೋಳಿ. ಮುಂದಿನ ತಿಂಗಳು ಠಾಣೆ ನಗರದಲ್ಲಿ ಅವನ ಪ್ರದರ್ಶನವಿತ್ತು. ಒಂದು ಗೌಜಲಿನ ಚಿತ್ರವನ್ನು ಜಯಲತಾಳೇ ನಿನ್ನೆಯ ಭಾನುವಾರದ ಪುರವಣಿಗೆ ಆಯ್ದುಕೊಂಡಿದ್ದಳು.

“ಬನ್ನಿ ಬನ್ನಿ. ಕಮಲಾಕ್ಷಣ್ಣ ಹೇಗಿದ್ದಾರೆ? ಮಾತಾಡಿದ್ರಾ?” ಅಭಿಜಿತ್ ಕುರ್ಚಿ ಎಳೆದುಕೊಟ್ಟ. ಸಣ್ಣ ದನಿ, ಇಸ್ತ್ರಿ ಮಾಡಿದ ಅಂಗಿ.

“ಇನ್ನೂ ಇಲ್ಲ,” ಅಂದಳು ಮಾನಸಿ. “ಭಾನುವಾರ ದುಪಾರಿ, ಮಧ್ಯಾಹ್ನ, ನೀವು ಎಲ್ಲಿ?”

“ಖಾರ್ಘರ್ ಗುಡ್ಡ. ಬೆಳಗಿನಿಂದ ಎರಡರವರೆಗೆ. ಒಬ್ಬನೇ.”

“ಮೊಬೈಲ್ ಬಂದ್ ಇತ್ತು.”

“ಫ್ಲೈಟ್ ಮೋಡ್. ಹಕ್ಕಿ ಎದುರಿಗಿದ್ದಾಗ ಫೋನ್ ಬಡಿದುಕೊಂಡರೆ ಮುಗೀತು. ಇವರ ಭಾವನೂ ಹಾಗೇ ಮಾಡ್ತಾರೆ, ಕೇಳಿ.” ಅವನು ಪರದೆ ತಿರುಗಿಸಿದ. “ಸಾಕ್ಷಿ ಬೇಕಲ್ಲ, ಇಲ್ಲಿದೆ. ಭಾನುವಾರ ರಾತ್ರಿಯೇ ನಮ್ಮ ಗ್ರೂಪಿಗೆ ಹಾಕಿದ್ದೆ. ಇದು ಮೂಲ ಫೈಲು, ತೆಗೆದ ಹೊತ್ತೂ ಇದೆ. ಹನ್ನೆರಡು ಇಪ್ಪತ್ತು.”

ಜಯಲತಾ ಪರದೆಗೆ ಬಾಗಿದಳು. ಪೊದೆಯ ನೆರಳಿನಲ್ಲಿ ಒಂದು ಬಣ್ಣದ ಗೌಜಲು. ಎದೆಯ ಒಂದೊಂದು ಬಿಳಿ ಚುಕ್ಕೆಯನ್ನೂ ಎಣಿಸಬಹುದು. ಕಣ್ಣಿನಲ್ಲಿ ಆಕಾಶ ಕಾಣುತ್ತಿತ್ತು. ಹಿಂದೆ ಖಾರ್ಘರಿನ ಎತ್ತರದ ಕಟ್ಟಡಗಳು ಮಸುಕಾಗಿ ನಿಂತಿದ್ದವು.

“ಎಷ್ಟು ಹತ್ತಿರ ಹೋಗಿದ್ರಿ?” ಕೇಳಿದಳು.

“ಹತ್ತಿರವಾ?” ಅಭಿಜಿತ್ ನೊಂದವನಂತೆ ನೋಡಿದ. “ನಲವತ್ತು ಮೀಟರ್. ನಡುವೆ ಬರೀ ಬಯಲು ಬಂಡೆ. ನಾನು ಅಲ್ಲಿದ್ದೆ ಅಂತ ಹಕ್ಕಿಗೆ ಗೊತ್ತೇ ಆಗಿಲ್ಲ. ಹಕ್ಕಿಗೆ ತೊಂದರೆ ಕೊಡುವವನು ಫೋಟೋಗ್ರಾಫರನೇ ಅಲ್ಲ ಮೇಡಂ.”

ಜಯಲತಾ ಗೋಡೆಯ ಚೌಕಟ್ಟುಗಳತ್ತ ಕಣ್ಣು ಹಾಯಿಸಿದಳು. ಅದ್ಭುತ ಚಿತ್ರಗಳು. ಎಲ್ಲದರಲ್ಲೂ ಹಕ್ಕಿ ನಿಶ್ಚಲ. ಎಲ್ಲದರಲ್ಲೂ ಪಾದ ಮಾತ್ರ ಹುಲ್ಲಿನ ಮರೆಯಲ್ಲಿ.

ಮೆಟ್ಟಿಲಿಳಿಯುವಾಗ ಮಾನಸಿ ಹೇಳಿದಳು, “ಹನ್ನೆರಡು ಇಪ್ಪತ್ತಕ್ಕೆ ಖಾರ್ಘರ್. ಒಂದು ಗಂಟೆಯೊಳಗೆ ಟಿಟ್ವಾಳಾ ತಲುಪಿ, ಹೊಡೆದು, ಹೋಗೋದು ಆಗಲ್ಲ. ಹಾ ನಾಹೀ, ಇವನಲ್ಲ ಅಕ್ಕಾ.”

“ಕ್ಯಾಮೆರಾದ ಗಡಿಯಾರ ತಿರುಗಿಸಬಹುದು.”

“ತಿರುಗಿಸಿದ ಅಂತ ಸಾಬೀತು ಮಾಡು. ಹಕ್ಕಿ ನೆರಳಲ್ಲಿದೆ. ಬಿಸಿಲು ಬಿದ್ದಿದ್ದರೆ ನೆರಳು ನೋಡಿ ಹೊತ್ತು ಹೇಳಬಹುದಿತ್ತು.”

ಅದು ನಿಜ. ತೀರಾ ನಿಜ. ಅದೇ ಜಯಲತಾಳನ್ನು ಚುಚ್ಚುತ್ತಿತ್ತು. ಆ ಚಿತ್ರದಲ್ಲಿ ಏನೋ ತಪ್ಪಿದೆ. ಏನು ಎಂದು ಕೇಳಿದರೆ, ಏನೂ ತಪ್ಪಿಲ್ಲದಿರುವುದೇ ತಪ್ಪು ಅನ್ನಿಸುತ್ತಿತ್ತು.

* * *

ಮಂಗಳವಾರ ಬೆಳಿಗ್ಗೆ ಮೇಜಿನ ಮೇಲೆ ಎಂದಿನ ರಾಶಿ. ಕ್ರೀಡಾ ಫೋಟೋಗ್ರಾಫರ್ ಸಮಿತ್ ಹಿಂದಿನ ದಿನದ ಶಾಲಾ ಕ್ರಿಕೆಟ್ ಚಿತ್ರಗಳನ್ನು ಕಳಿಸಿದ್ದ. ನಡುಹಗಲ ಪಂದ್ಯ. ಮೈದಾನದ ಆಚೆ ತುದಿಯಿಂದ ಉದ್ದ ಲೆನ್ಸಿನಲ್ಲಿ ಹಿಡಿದದ್ದು. ಬೌಲರನ ಮುಖ ನೀರಿನೊಳಗಿದ್ದಂತೆ ಅಲುಗಿತ್ತು. ಬೌಂಡರಿ ಗೆರೆಯ ಬಳಿಯ ಫಲಕದ ಅಕ್ಷರಗಳು ಹಾವಿನಂತೆ ಬಾಗಿದ್ದವು.

ಇಂಥ ಚಿತ್ರಗಳಿಗೆ ಅವಳ ಉತ್ತರ ಯಾವಾಗಲೂ ಒಂದೇ. ಬೆರಳು ತಾನಾಗಿ ಬರೆಯತೊಡಗಿತು: ‘ಝಳ ಹೊಡೆದಿದೆ. ಬೇರೆ ಕಳಿಸು.’

ಬೆರಳು ಅಕ್ಷರದ ನಡುವೆ ನಿಂತಿತು.

ಕುರ್ಚಿ ಹಿಂದಕ್ಕೆ ಬಿತ್ತು. ಲಕ್ಷ್ಮೀಕಾಂತ ತಲೆ ಎತ್ತುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು. ಕೈಯಲ್ಲಿ ಭಾನುವಾರದ ಪುರವಣಿ, ಕಿವಿಗೆ ಫೋನು.

“ಮಾನಸಿ, ಭಾವನ ಲೆನ್ಸು ನಿನ್ನ ಹತ್ತಿರ ಉಂಟಲ್ಲ? ತಗೊಂಡು ಖಾರ್ಘರಿಗೆ ಬಾ. ಹನ್ನೆರಡರೊಳಗೆ. ಸುಜನನನ್ನು ನಾನು ಕರಕೊಂಡು ಬರ್ತೇನೆ, ಅವನಿಗೆ ಅದನ್ನು ನಡೆಸಲು ಗೊತ್ತು.”

“ಅಕ್ಕಾ, ಸಂಜೆ ಪ್ರೆಸ್ ಇದೆ ನನಗೆ.”

“ಅದಕ್ಕೇ.”

* * *

ಖಾರ್ಘರ್ ಗುಡ್ಡದ ಮೇಲೆ ಅಕ್ಟೋಬರಿನ ಬಿಸಿಲು ಬಾಣಲೆಯಂತೆ ಕಾದಿತ್ತು. ಮಳೆ ಹೋದ ಮೇಲೆ ಮುಂಬಯಿ ಸುತ್ತಿನಲ್ಲಿ ಬರುವ ಎರಡನೇ ಬೇಸಿಗೆ ಅದು. ಅಭಿಜಿತ್ ತೆಗೆದ ಚಿತ್ರವನ್ನು ಫೋನಿನಲ್ಲಿ ಹಿಡಿದು ಹಿಂದಿನ ಕಟ್ಟಡಗಳನ್ನು ಹೊಂದಿಸುತ್ತಾ ಹೋದರು. ಪೊದೆ ಸಿಕ್ಕಿತು. ಬಂಡೆಯೂ ಸಿಕ್ಕಿತು.

ಜಯಲತಾ ಪುರವಣಿಯ ಗೌಜಲಿನ ಪುಟವನ್ನು ರಟ್ಟಿಗೆ ಚುಚ್ಚಿ ಪೊದೆಯ ನೆರಳಿನಲ್ಲಿ ನಿಲ್ಲಿಸಿದಳು. ಮಾನಸಿ ಅಳತೆಟೇಪು ಹಿಡಿದು ನಡೆದಳು. ನಲವತ್ತು ಮೀಟರಿನ ಗುರುತಿಗೆ ಸುಜನ್ ಸ್ಟ್ಯಾಂಡು ಊರಿದ.

“ಕಾಗದದ ಹಕ್ಕಿ ಆಂಟಿ, ಓಡಿಹೋಗಲ್ಲ,” ಅಂದ. ಕಣ್ಣಿಟ್ಟವನು ನಗು ನಿಲ್ಲಿಸಿದ. “ಅರೇ. ಯೇ ತೋ ನಾಚ್ ರಹಾ ಹೈ. ಹಕ್ಕಿ ಕುಣೀತಿದೆ.”

ಅವನು ಮತ್ತೆ ಮತ್ತೆ ತೆಗೆದ. ಸ್ಟ್ಯಾಂಡಿನ ಕಾಲಿಗೆ ಕಲ್ಲು ಒತ್ತಿಟ್ಟು ತೆಗೆದ. ಉಸಿರು ಬಿಗಿಹಿಡಿದು ತೆಗೆದ. ಮೂವರೂ ಕ್ಯಾಮೆರಾದ ಬೆನ್ನಿಗೆ ತಲೆ ಕೂಡಿಸಿ ನೋಡಿದರು. ಒಂದರಲ್ಲಿ ಹಕ್ಕಿಯ ಕತ್ತು ಬಾಗಿತ್ತು. ಇನ್ನೊಂದರಲ್ಲಿ ಕೊಕ್ಕು ಎರಡಾಗಿತ್ತು. ಚುಕ್ಕೆಗಳು ಕಲಸಿ ಗಂಜಿಯಾಗಿದ್ದವು.

“ಲೆನ್ಸು ಕೆಟ್ಟಿದೆಯಾ?” ಅಂದಳು ಮಾನಸಿ.

“ಲೆನ್ಸು ಸರಿ ಇದೆ. ಗಾಳಿ ಕೆಟ್ಟಿದೆ.” ಜಯಲತಾಳಿಗೆ ಮಾತು ನಿಲ್ಲುತ್ತಿರಲಿಲ್ಲ. “ನೋಡು, ಕಾದ ಬಂಡೆಯಿಂದ ಬಿಸಿ ಮೇಲೇಳ್ತಾ ಇದೆ. ಹೆದ್ದಾರಿಯ ಮೇಲೆ ದೂರದಲ್ಲಿ ನೀರು ಕುಣಿದಂತೆ ಕಾಣ್ತದಲ್ಲ, ಅದೇ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಉದ್ದ ಲೆನ್ಸು ಹಕ್ಕಿಯ ಜೊತೆಗೆ ಆ ಝಳವನ್ನೂ ದೊಡ್ಡದು ಮಾಡ್ತದೆ. ಭಾವ ‘ಬೆಳಕು ಕೆಟ್ಟಿತು’ ಅನ್ನುತ್ತಿದ್ದದ್ದು ಇದಕ್ಕೂ ಸೇರಿಸಿ. ಅಭಿಜಿತ್ ಬುದ್ಧಿವಂತ. ಹೊತ್ತು ಗೊತ್ತಾಗಬಾರದು ಅಂತ ನೆರಳಿನಲ್ಲಿರುವ ಹಕ್ಕಿಯನ್ನೇ ಆರಿಸಿದ. ಹಕ್ಕಿ ನೆರಳಿನಲ್ಲಿತ್ತು. ನಡುವಿನ ನಲವತ್ತು ಮೀಟರ್ ಬಂಡೆ ಬಿಸಿಲಿನಲ್ಲಿತ್ತು.”

“ಮತ್ತೆ ಆ ಫೋಟೋ?”

“ಬೇರೊಂದು ದಿನ, ಬೆಳಗಿನ ತಂಪಿನಲ್ಲಿ ತೆಗೆದದ್ದು. ಗಡಿಯಾರ ತಿರುಗಿಸಿ ತೆಗೆದು ಇಟ್ಟುಕೊಂಡಿದ್ದಾನೆ.”

“ಇಷ್ಟು ಗೊತ್ತಿರೋ ಮನುಷ್ಯ ಇದನ್ನ ಮರೀತಾನಾ?”

“ಮರೆತಿಲ್ಲ. ಅಲುಗಿದ ಫೋಟೋ ಕೊಟ್ಟಿದ್ದರೆ ಬಚಾವಾಗುತ್ತಿದ್ದ. ಆದರೆ ಗ್ರೂಪಿನಲ್ಲಿ ನೂರು ಜನ ಹಕ್ಕಿ ಫೋಟೋದವರು ನೋಡ್ತಾರೆ. ತನ್ನ ಹೆಸರಿನಲ್ಲಿ ಗಂಜಿಯಂಥ ಚಿತ್ರ ಹಾಕಲು ಅವನ ಕೈ ಬರಲಿಲ್ಲ. ಈ ಜನ ಜೈಲಿಗೆ ಬೇಕಾದರೂ ಹೋಗ್ತಾರೆ ಮಾನಸಿ, ಕೆಟ್ಟ ಫೋಟೋ ತೋರಿಸುವುದಿಲ್ಲ.”

ಸುಜನ್ ಮೆಲ್ಲನೆ ಹೇಳಿದ, “ಸಚ್ ಹೈ.”

ಮಾನಸಿ ಟೇಪು ಸುತ್ತಿದಳು. “ಸುಳ್ಳು ಹೇಳಿದ, ಠೀಕ್. ಹೊಡೆದ ಅನ್ನೋಕೆ ಇದು ಸಾಲದು. ಸಂಜೆ ಐದಕ್ಕೆ ನಾನು ಯಾರ ಫೋಟೋ ಕೊಡಲಿ?”

ಜಯಲತಾ ಪೊದೆಯ ಕಡೆ ನೋಡಿದಳು. ಕಾಗದದ ಹಕ್ಕಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಬಂದು ಕಲ್ಲಿನ ಮೇಲೆ ನಿಂತೇ ಇರುವ ಹಕ್ಕಿ. ಹುಲ್ಲಿನ ಮರೆಯ ಪಾದ. ಧೂಳೆಬ್ಬಿಸಿ ಹೋದ ಕಾರು.

“ಸಂಗಮೇಶ ಹೇಳಿದ್ದು ನಿಜ,” ಅಂದಳು. “ಕಾರಿನೊಳಗೆ ಹಕ್ಕಿ ಇತ್ತು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡು. ಸುಜನ್, ನಿನ್ನ ಫೋನಿನಲ್ಲಿ ಗೌಜಲಿನ ಕೂಗು ಉಂಟಲ್ಲ?”

“ಎಲ್ಲರ ಹತ್ತಿರ ಇದೆ ಆಂಟಿ. ಪ್ಲೇ ಮಾಡಬಾರದು ಅಂತ ರೂಲು. ಇನ್ನೊಂದು ಗಂಡು ಬಂತು ಅಂತ ತಿಳಿದು ಹಕ್ಕಿ ಹುಚ್ಚಾಗಿ ಜಗಳಕ್ಕೆ ಬರ್ತದೆ.”

“ಇವತ್ತು ಒಂದು ಸಲ ರೂಲು ಮುರಿಯೋಣ.”

* * *

ಘೋಡಬಂದರ್ ರಸ್ತೆಯ ಎತ್ತರದ ವಸತಿ ಕಟ್ಟಡ. ಹದಿನೆಂಟನೇ ಮಹಡಿ. ಬಾಗಿಲು ತೆರೆದ ಅಭಿಜಿತ್ ನಕ್ಕ. “ಮತ್ತೆ ನಾನೇ?”

“ನಿಮ್ಮ ಹೇಳಿಕೆಗೆ ಒಂದು ಸಹಿ ಬೇಕಿತ್ತು,” ಅಂದಳು ಮಾನಸಿ.

ಒಳಗೆ ಟಿವಿ ಜೋರಾಗಿತ್ತು. ಜಯಲತಾ ಸೋಫಾದಲ್ಲಿ ಕೂತಳು. ಮಾನಸಿ ಫೋನ್ ಬಂದವಳಂತೆ ಕೈಸನ್ನೆ ಮಾಡಿದಳು. ಅಭಿಜಿತ್ ಟಿವಿಯ ದನಿ ತಗ್ಗಿಸಬೇಕಾ ಬೇಡವಾ ಎಂದು ರಿಮೋಟ್ ಹಿಡಿದು ಯೋಚಿಸಿದ. ಕೊನೆಗೆ ತಗ್ಗಿಸಿದ.

ಜಯಲತಾ ತನ್ನ ಫೋನನ್ನು ಟೀಪಾಯಿಯ ಮೇಲಿಟ್ಟು, ಸುಜನ್ ಕಳಿಸಿದ್ದ ಕೂಗಿನ ಮೇಲೆ ಬೆರಳೊತ್ತಿದಳು.

ಚೀಕ್, ಚೀಕ್, ಕೆರ್ರೇಕ್.

“ಇದೇನು ಮೇಡಂ?” ಅಭಿಜಿತ್‌ನ ನಗು ಅಲ್ಲೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ.

ಚೀಕ್, ಚೀಕ್, ಕೆರ್ರೇಕ್. ಫೋನು ಇನ್ನೊಮ್ಮೆ ಕೂಗಿತು.

ಅಡುಗೆಮನೆಯ ಆಚೆ, ಬಟ್ಟೆ ಒಣಗಿಸುವ ಡ್ರೈ ಬಾಲ್ಕನಿಯ ಕಡೆಯಿಂದ, ಒರಟಾಗಿ, ಸಿಟ್ಟಿನಿಂದ ಉತ್ತರ ಬಂತು. ಚೀಕ್, ಚೀಕ್, ಕೆರ್ರೇಕ್.

“ಎಕೋ,” ಅಂದ ಅಭಿಜಿತ್. “ಖಾಲಿ ಗೋಡೆ ನೋಡಿ, ದನಿ ವಾಪಸ್ ಬರುತ್ತೆ.”

ಜಯಲತಾ ಫೋನ್ ಆರಿಸಿ ಚೀಲಕ್ಕೆ ಹಾಕಿದಳು. ಮೂವರೂ ಕಾದರು. ಹದಿನೆಂಟನೇ ಮಹಡಿಯ ಆ ಮೌನದಲ್ಲಿ ಹಕ್ಕಿ ಮತ್ತೆ ಕೂಗಿತು. ಮತ್ತೆ. ಮತ್ತೆ. ಎದುರಾಳಿಯನ್ನು ಓಡಿಸಿದ ಗೆಲುವಿನಲ್ಲಿ ಅದು ನಿಲ್ಲಿಸುವಂತೆಯೇ ಕಾಣಲಿಲ್ಲ.

ಮಾನಸಿ ಬಾಗಿಲು ತೆರೆದು ಲಿಫ್ಟಿನ ಬಳಿ ನಿಂತಿದ್ದ ಅರಣ್ಯ ಇಲಾಖೆಯವರನ್ನು ಒಳಗೆ ಕರೆದಳು. “ಯಾ, ಆತ್ ಯಾ.”

ಬಾಲ್ಕನಿಯಲ್ಲಿ ಕರಿಬಟ್ಟೆ ಹೊದಿಸಿದ ಬಿದಿರಿನ ಪಂಜರ. ಒಳಗೆ ಬಣ್ಣದ ಗೌಜಲು. ಪಕ್ಕದ ಡಬ್ಬಿಯಲ್ಲಿ ನೈಲಾನ್ ಕುಣಿಕೆಗಳು. ಕ್ಯಾಮೆರಾ ಚೀಲದ ಕಾರ್ಡ್ ಪೆಟ್ಟಿಗೆಯನ್ನು ಜಯಲತಾ ತೋರಿಸಿದಳು, ಮಾನಸಿ ಕೈಗವಸು ಹಾಕಿ ತೆರೆದಳು. ಸಾಲಾಗಿ ಕಾರ್ಡುಗಳು. ಒಂದರ ಚೀಟಿಯ ಮೇಲೆ ಒಣಗಿದ ಗಂಧ, ನಡುವೆ ಕುಂಕುಮದ ಚುಕ್ಕೆ.

“ನಮ್ಮ ಭಾವ ಆಯುಧಪೂಜೆ ಬಿಡುವುದಿಲ್ಲ,” ಅಂದಳು ಜಯಲತಾ. “ನೀವು ಪೂಜೆ ಮಾಡುವವರಂತೆ ಕಾಣುವುದಿಲ್ಲ.”

“ಫಾರ್ಮ್ಯಾಟ್ ಮಾಡಿದ್ದೇನೆ,” ಅಂದ ಅಭಿಜಿತ್. ಅಂದ ಮೇಲೆ ತಾನೇನು ಅಂದೆ ಎಂದು ಅವನಿಗೆ ತಿಳಿಯಿತು. ಕುರ್ಚಿ ಹುಡುಕಿ ಕೂತ.

* * *

ಅವನೇ ಎಲ್ಲವನ್ನೂ ಹೇಳಿದ. ಉಳಿದದ್ದನ್ನು ಕಾರ್ಡು ಹೇಳಿತು. ಅಳಿಸಿದ ಚಿತ್ರಗಳನ್ನು ಪೊಲೀಸರ ತಜ್ಞರು ಮೇಲೆತ್ತಿದರು.

ಸಾಕಿದ ಗಂಡು ಗೌಜಲನ್ನು ಪಂಜರದಲ್ಲಿಟ್ಟು ಕೂಗಿಸುವುದು ಬೇಟೆಯವರ ಹಳೆಯ ಉಪಾಯ. ಕೂಗು ಕೇಳಿ ಜಗಳಕ್ಕೆ ಬರುವ ಕಾಡಿನ ಗಂಡು ಕುಣಿಕೆಗೆ ಬೀಳುತ್ತದೆ. ಬೇಟೆಯವರು ಅದನ್ನು ತಿನ್ನುತ್ತಾರೆ. ಅಭಿಜಿತ್ ಅದರ ಕಾಲನ್ನು ಬಂಡೆಗೆ ದಾರದಿಂದ ಕಟ್ಟಿ, ಹುಲ್ಲು ಮರೆಮಾಡಿ, ಫೋಟೋ ತೆಗೆಯುತ್ತಿದ್ದ. ಅದೃಷ್ಟ ಎಂದು ಜನ ಹೊಗಳುತ್ತಿದ್ದರು. ಖಾರ್ಘರಿನ ಚಿತ್ರವೂ ಹಾಗೇ ಹುಟ್ಟಿದ್ದು, ಹಿಂದಿನ ವಾರದ ಒಂದು ತಂಪು ಮುಂಜಾನೆ. ಟಿಟ್ವಾಳಾದಲ್ಲಿ ಯಾರಾದರೂ ಕಂಡು ಕೇಳಿದರೆ ತಾನು ಬೇರೆಲ್ಲೋ ಇದ್ದೆ ಎನ್ನಲು ಗಡಿಯಾರವನ್ನು ಮೊದಲೇ ಮುಂದಿನ ಭಾನುವಾರದ ನಡುಹಗಲಿಗೆ ತಿರುಗಿಸಿಟ್ಟಿದ್ದ. ಯಾರ ತಲೆಯನ್ನೂ ಒಡೆಯಲು ಅಲ್ಲ, ಅಷ್ಟು ಮಾತ್ರ ಅವನು ಪದೇ ಪದೇ ಹೇಳಿದ.

ಭಾನುವಾರ ಎಲ್ಲರೂ ಹೋಗುವ ಹೊತ್ತು ನೋಡಿ ಅವನು ಪಂಜರ ತೆಗೆಯಲು ಬಂದ. ಮರೆಗೂಡಿನೊಳಗೆ ಕಮಲಾಕ್ಷ ಇದ್ದರು. ಚಿತ್ರ ಅಳಿಸೆಂದು ಬೇಡಿಕೊಂಡ. “ನಿನ್ನ ಪ್ರದರ್ಶನದ ಬಾಗಿಲಲ್ಲೇ ಇದನ್ನು ತೂಗುಹಾಕ್ತೇನೆ,” ಎಂದು ಅವರು ಬೆನ್ನು ತಿರುಗಿಸಿ ಚೀಲಕ್ಕೆ ಬಾಗಿದರು. ಅಭಿಜಿತ್‌ನ ಕೈಯಲ್ಲಿ ಕ್ಯಾಮೆರಾ ಊರುವ ಕಬ್ಬಿಣದ ಕೋಲಿತ್ತು. ಕಾರ್ಡು ಕಿತ್ತುಕೊಳ್ಳುವಷ್ಟರಲ್ಲಿ ಸಂಗಮೇಶನ ಹೆಜ್ಜೆ ಕೇಳಿಸಿತು. ಪಂಜರ ಎತ್ತಿಕೊಂಡು ಓಡಿದ. ಕುಣಿಕೆಯಲ್ಲಿ ಸಿಕ್ಕ ಹಕ್ಕಿ ಅಲ್ಲೇ ಉಳಿಯಿತು.

ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ಮಾನಸಿ ಪಂಜರವನ್ನೇ ಮೇಜಿನ ಮೇಲಿಟ್ಟಳು. ಕ್ಯಾಮೆರಾಗಳು ಮಿಂಚಿದವು. ಹಿಂದಿನ ಬಾಗಿಲಿನಿಂದ ಸಂಗಮೇಶ ಹೊರಬಂದ. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ದಾನೇಶ್ವರಿಗೆ ಬೇಕಾದದ್ದೂ ಅದೇ. ಹವಾಲ್ದಾರ ಮಾತ್ರ ಅವನ ಹೆಗಲು ಮುಟ್ಟಿ, “ಸೀಟ್‌ಬೆಲ್ಟ್ ನಹೀ ಲಗಾಯಾ ಥಾ, ಭಾಈ,” ಅಂದ. ಸಂಗಮೇಶ ಮೂರು ದಿನದಲ್ಲಿ ಮೊದಲ ಸಲ ನಕ್ಕ.

ಪುಟ ಕಟ್ಟುವ ಹೊತ್ತಿಗೆ ಜಯಲತಾ ಲಕ್ಷ್ಮೀಕಾಂತನ ಮುಂದೆ ಖಾರ್ಘರಿನಲ್ಲಿ ತೆಗೆದ ಚಿತ್ರವಿಟ್ಟಳು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದ.

“ಇದು ಅಲುಗಿದೆ.”

“ಹೌದು.”

“ಹಕ್ಕಿಗೆ ಎರಡು ಕೊಕ್ಕು ಇದೆ.”

“ಮೊದಲ ಪುಟ. ಇದರ ಪಕ್ಕದಲ್ಲಿ ಅಭಿಜಿತ್ ತೆಗೆದ ಚಿತ್ರ, ಅದೇ ಅಳತೆಯಲ್ಲಿ. ಓದುವವರು ತಾವೇ ನೋಡಿ ತಿಳಿದುಕೊಳ್ಳಲಿ.”

* * *

ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಕಮಲಾಕ್ಷ ದಿಂಬಿಗೆ ಒರಗಿದ್ದರು. ತಲೆಗೆ ಬಿಳಿ ಪಟ್ಟಿ. ಅಕ್ಕ ಗಂಜಿ ಕುಡಿಸುತ್ತಿದ್ದಳು. ಮಂಚದ ಬುಡದಲ್ಲಿ ಸುಜನ್, ಅವನ ಹಿಂದೆ ಒಂದು ಹೊಸ ಹುಡುಗಿ ನಾಚಿಕೊಂಡು ನಿಂತಿದ್ದಳು.

ಭಾವ ಯಾರನ್ನೂ ನೋಡುತ್ತಿರಲಿಲ್ಲ. ಮಡಿಲಲ್ಲಿ ಪತ್ರಿಕೆ. ಮೊದಲ ಪುಟದ ಮೇಲೆ ಬೆರಳು.

“ಜಯಾ,” ಅಂದರು, ದನಿ ಇನ್ನೂ ಬಲಹೀನ. “ನನ್ನ ಲೆನ್ಸಿನಲ್ಲಿ ತೆಗೆದದ್ದಂತೆ ಇದು. ಯಾರು ಮಾರಾಯ್ತಿ ಇಷ್ಟು ದರಿದ್ರ ತೆಗೆದದ್ದು?”

ಸುಜನ್ ಹುಡುಗಿಯ ಹಿಂದಕ್ಕೆ ಸರಿದ.